ರಿಸೀವರ್‌ನ ಮುಂದೆ ಪ್ಲಾಸ್ಮಾ ಫಿಲ್ಟರ್ ಇಡಬಹುದೇ?

ಅನಿಲ ಕೊಳವೆಯೊಳಗಿನ ಪ್ಲಾಸ್ಮಾದ (ಅಯಾನೀಕರಿಸಿದ ಅನಿಲದ) ಕರೆಂಟ್ ಹೆಚ್ಚುಕಡಿಮೆ ಮಾಡಿ ಟ್ಯೂನ್ ಆಗುವ ಫಿಲ್ಟರನ್ನು ರಿಸೀವರ್‌ಗೆ ಜೋಡಿಸಬೇಕು, ವ್ಯಾರಾಕ್ಟರ್ (ವೋಲ್ಟೇಜ್‌ನಿಂದ ಧಾರಣೆ ಬದಲಾಗುವ ಡಯೋಡ್) ಬೇಡ ಎನ್ನುತ್ತೀರಿ, ಎರಡರಲ್ಲಿ ಯಾವುದು ಒಳ್ಳೆಯದು ಎಂದೂ ಕೇಳುತ್ತೀರಿ. ಇದೇ ಹುಚ್ಚು ನನ್ನ ಒಂದು ವರ್ಷವನ್ನು ನುಂಗಿತು.

ತಾಮ್ರದ ಡಬ್ಬಿ, ನಡುವೆ ತೆಳುವಾದ ಆರ್ಗಾನ್ ಕೊಳವೆ, ಸಿಗ್ನಲ್ ಒಳಹೊರಗೆ ಹೋಗಲು ಎದುರುಬದುರು ಎರಡು ತಂತಿ ಕುಣಿಕೆ. ಇಷ್ಟೇ. ಘನ ಸೆಂಟಿಮೀಟರಿಗೆ 10,000 ಕೋಟಿ ಎಲೆಕ್ಟ್ರಾನ್ ಇದ್ದರೆ ಪ್ಲಾಸ್ಮಾ ಕಂಪನಾಂಕ (ಎಲೆಕ್ಟ್ರಾನ್‌ಗಳು ಒಟ್ಟಾಗಿ ತೂಗಾಡುವ ಸಹಜ ಕಂಪನಾಂಕ) ಸುಮಾರು 2.8 ಗಿಗಾಹರ್ಟ್ಸ್, ಉದ್ದ ಕಂಬದಾಕಾರದಲ್ಲಿ ಅನುರಣನ 2ಕ್ಕೆ ಇಳಿಯುತ್ತದೆ, ಗಾಜು ಇನ್ನಷ್ಟು ಕೆಳಗೆಳೆಯುತ್ತದೆ. ಭೌತವಿಜ್ಞಾನಿ ಲೆವಿ ಟಾಂಕ್ಸ್ 1931ರಲ್ಲೇ ಕಂಡ ಅನುರಣನ ಇದು. ಸಾಂದ್ರತೆ ನಾಲ್ಕು ಪಟ್ಟಾದರೆ ಕಂಪನಾಂಕ ಎರಡು ಪಟ್ಟು. ತಿರುಪು ತಿರುಗಿಸಿ ಕರೆಂಟ್ ಏರಿಸಿದಂತೆ ಸಾಂದ್ರತೆಯೂ ಏರಿ, ಕಂಪನಾಂಕಗಳನ್ನು ತೋರಿಸುವ ಅನಲೈಸರ್ ಪರದೆಯ ಮೇಲೆ ಅನುರಣನದ ಶಿಖರ ಬಲಕ್ಕೆ ಜಾರುತ್ತಿತ್ತು. ನಷ್ಟ 3 ಡೆಸಿಬೆಲ್, ಅಂದರೆ ಸಿಗ್ನಲ್‌ನ ಅರ್ಧ ಶಕ್ತಿ. ಪರವಾಗಿಲ್ಲ ಎಂದುಕೊಂಡೆ.

ಎಡವಿದ್ದು ಅಲ್ಲೇ. ನಷ್ಟವನ್ನು ಅಳೆದೆ, ಸಿಗ್ನಲ್‌ಗೆ ಬೆರೆಯುವ ಗದ್ದಲವನ್ನು, ಅಂದರೆ ನಾಯ್ಸನ್ನು, ಅಳೆಯಲಿಲ್ಲ. ಸಿಗ್ನಲ್ ಹೀರುವ ಯಾವುದೇ ವಸ್ತು ತನ್ನ ತಾಪಕ್ಕೆ ತಕ್ಕ ನಾಯ್ಸನ್ನು ಹೊರಗೂ ಸೂಸುತ್ತದೆ. ಸಾಮಾನ್ಯ ಫಿಲ್ಟರ್‌ನ ತಾಪ 290 ಕೆಲ್ವಿನ್. 3 ಡೆಸಿಬೆಲ್ ನಷ್ಟಕ್ಕೆ 3 ಡೆಸಿಬೆಲ್ ನಾಯ್ಸ್ ಫಿಗರ್ (ನಾಯ್ಸ್‌ಗೆ ಹೋಲಿಸಿದರೆ ಸಿಗ್ನಲ್ ಎಷ್ಟು ಕೆಡುತ್ತದೆ ಎಂಬ ಅಳತೆ). ನನ್ನ ಕೊಳವೆಯೂ ಕೈಗೆ ಬೆಚ್ಚಗಷ್ಟೇ ಇತ್ತು. ಆದರೆ ಹೀರುತ್ತಿದ್ದುದು ಗಾಜಲ್ಲ, ಎಲೆಕ್ಟ್ರಾನ್‌ಗಳು. ಅವುಗಳ ತಾಪ 11,600 ಕೆಲ್ವಿನ್ ಎಂದು ಹಿಡಿಯಿರಿ, ಅದೇ 3 ಡೆಸಿಬೆಲ್‌ಗೆ ನಾಯ್ಸ್ ಫಿಗರ್ 16ಕ್ಕೆ ಹಾರುತ್ತದೆ. ನಷ್ಟವನ್ನು ಅರ್ಧ ಡೆಸಿಬೆಲ್‌ಗೆ ಇಳಿಸಿದರೂ 7ರ ಮೇಲೆಯೇ. ಮೈಕ್ರೋವೇವ್ ಪ್ರಯೋಗಾಲಯಗಳಲ್ಲಿ ಇಂಥ ಕೊಳವೆಯನ್ನು ನಾಯ್ಸ್ ಹುಟ್ಟಿಸಲೆಂದೇ ಬಳಸುತ್ತಿದ್ದರು. ನಾನು ಅದನ್ನು ಆಂಟೆನಾಕ್ಕೂ ಆಂಪ್ಲಿಫೈಯರ್‌ಗೂ ನಡುವೆ ಕೂರಿಸಿದ್ದೆ!

ಇದು ಹೊಳೆಯುವ ಮೊದಲು ಎರಡು ಆಂಪ್ಲಿಫೈಯರ್ ಬದಲಿಸಿದೆ. ಆಮೇಲೆ ಪವರ್ ಸಪ್ಲೈ ಮೇಲೆ ಅನುಮಾನ ಬಂದು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದೆ. ಕೊಳವೆ ಹೊತ್ತಿಸಿದರೆ ಸುಯ್ ಎಂಬ ಸದ್ದು ಮೊದಲಿನಷ್ಟೇ, ಆರಿಸಿದರೆ ಮೌನ. ಆಗ ಕುಳಿತು ಲೆಕ್ಕ ಹಾಕಿದೆ. ಮೊದಲ ದಿನವೇ ಹಾಕಬಹುದಾಗಿದ್ದ ಅರ್ಧ ಪುಟದ ಲೆಕ್ಕ.

ಹಾಗಾಗಿ ವ್ಯಾರಾಕ್ಟರ್ ಒಳ್ಳೆಯದೋ ಪ್ಲಾಸ್ಮಾವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದುರ್ಬಲ ಸಿಗ್ನಲ್ ಬರುವ ಕಡೆ ವ್ಯಾರಾಕ್ಟರನ್ನೇ ಹಾಕಿ. ಪ್ಲಾಸ್ಮಾದ ಜಾಗ ಟ್ರಾನ್ಸ್‌ಮಿಟರ್ ಬದಿ. ಅಲ್ಲಿ ಸಿಗ್ನಲ್ ಬಲವಾಗಿರುವುದರಿಂದ ಈ ನಾಯ್ಸ್ ಲೆಕ್ಕಕ್ಕಿಲ್ಲ. ಆದರೆ ಸಿಗ್ನಲ್ ತೀರಾ ಬಲವಾದರೆ ತಾನೇ ಅನಿಲವನ್ನು ಅಯಾನೀಕರಿಸಿ ಶಿಖರವನ್ನು ಸರಿಸಿಬಿಡುತ್ತದೆ. ಅನಿಲದ ಒತ್ತಡ ಕಡಿಮೆಯಿರಲಿ, ಘರ್ಷಣೆ ತಗ್ಗಿ ಶಿಖರ ಚೂಪಾಗುತ್ತದೆ. ಇಷ್ಟಾದರೂ ರಿಸೀವರ್‌ಗೇ ಬೇಕೆಂದರೆ, ಡಬ್ಬಿಗೆ ಬೆಸುಗೆ ಹಾಕುವ ಮೊದಲು, ಕೊಳವೆ ಉರಿಯುತ್ತಿರುವಾಗಲೇ, ನಾಯ್ಸ್ ಫಿಗರ್ ಅಳೆದು ನೋಡಿ.