ತಪ್ಪದೆ ಚರ್ಚ್‌ಗೆ ಹೋಗುವವರಿಗೂ ದೇವರ ತೀರ್ಪು ಇದೆಯಾ?

ಖಂಡಿತ ಇದೆ. ಯೇಸುಸ್ವಾಮಿ ತುಂಬ ಕಟುವಾಗಿ ಮಾತಾಡಿದ್ದು ಭಕ್ತಿ ತೋರಿಸಿಕೊಳ್ಳುವವರ ಬಗ್ಗೆಯೇ. ಮತ್ತಾಯನ ಸುವಾರ್ತೆ 23ನೇ ಅಧ್ಯಾಯ ಓದಿ. ಅಲ್ಲಿ ಅವರನ್ನು ‘ಕಪಟಿಗಳೇ’ ಎಂದು ಮತ್ತೆ ಮತ್ತೆ ಕರೆಯುತ್ತಾರೆ. ಸುವಾರ್ತೆಯ ಮೂಲ ಗ್ರೀಕ್‌ನಲ್ಲಿ ಆ ಪದಕ್ಕೆ ನಾಟಕದ ನಟ ಎಂಬ ಅರ್ಥವೂ ಇತ್ತು. ಗದಗ, ಹಾವೇರಿ ಕಡೆ ಕಂಪನಿ ನಾಟಕ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ, ಅಲ್ವಾ? ನಟನಿಗೆ ಬಣ್ಣ ಹಚ್ಚುವುದು ಕೆಲಸ. ದೇವರ ಮುಂದೆ ಆ ಬಣ್ಣ ನಿಲ್ಲುವುದಿಲ್ಲ.

ಹಾಗಂತ ಹೆದರಿ ಕೂರಬೇಡಿ. ನಮ್ಮ ಹುಬ್ಬಳ್ಳಿ-ಧಾರವಾಡದ ಚರ್ಚ್‌ಗಳಲ್ಲಿ ‘ಮಾನಸಾಂತರ’ ಎನ್ನುತ್ತಾರಲ್ಲ, ಅಂದರೆ ಮನಸ್ಸೇ ತಿರುಗುವುದು. ಸುಮ್ನೆ ಅಳುವುದಲ್ಲ. ತೂಕದಲ್ಲಿ ಮೋಸ ಮಾಡುವ ವ್ಯಾಪಾರಿ ಭಾನುವಾರ ಕಣ್ಣೀರು ಹಾಕಿ, ಸೋಮವಾರ ಅದೇ ತಕ್ಕಡಿ ಹಿಡಿದರೆ ಏನೂ ಬದಲಾಗಿಲ್ಲ.

ಲೂಕನ ಸುವಾರ್ತೆ 19ನೇ ಅಧ್ಯಾಯದ ಜಕ್ಕಾಯನನ್ನು ನೋಡಿ. ಅವನು ಸುಂಕದವರ ಮುಖ್ಯಸ್ಥ, ಶ್ರೀಮಂತ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸ್ ಎಂದ. ನನ್ನ ಮನಸ್ಸಿಗೆ ಜಾಸ್ತಿ ತಟ್ಟುವುದು ಇನ್ನೊಂದು ವಿಷಯ. ಅವನು ಹಾಗೆ ಹೇಳುವ ಮೊದಲೇ ಯೇಸು ‘ನಿನ್ನ ಮನೆಗೆ ಬರುತ್ತೇನೆ’ ಎಂದಿದ್ದರು. ಪ್ರೀತಿ ಮೊದಲು ಬಂತು, ಬದಲಾವಣೆ ಅದರ ಹಿಂದೆ ಬಂತು.