ಹ್ಯಾರಿ ಪಾಟರ್ ಸಿನಿಮಾ ಸರಣಿ ಮುಗಿದಾಗ ಅಷ್ಟೊಂದು ದುಃಖ ಯಾಕಾಗುತ್ತದೆ?

ಪುಸ್ತಕ ಓದಿದವರಿಗೆ ಕಥೆಯ ಕೊನೆ 2007ರಲ್ಲೇ ಗೊತ್ತಿತ್ತು. ಆದರೂ 2011ರ ಜುಲೈನಲ್ಲಿ ಎಂಟನೇ, ಕೊನೆಯ ಚಿತ್ರ ನೋಡಿ ಬಹಳ ಜನ ಅತ್ತರು. ನಾನೂ ಅತ್ತೆ. ಯಾಕೆಂದರೆ ಹ್ಯಾರಿ ಮತ್ತು ಅವನ ಇಬ್ಬರು ಸ್ನೇಹಿತರು ನಮ್ಮ ಜೊತೆಗೇ ಬೆಳೆದಿದ್ದರು. ಮೊದಲ ಚಿತ್ರ ಬಂದದ್ದು 2001ರಲ್ಲಿ. ಹತ್ತು ವರ್ಷ ಅದೇ ಮೂವರು ನಟರು. ಮುಖ ಬದಲಾಗುವುದು, ದನಿ ಒಡೆಯುವುದು ಎಲ್ಲ ತೆರೆಯ ಮೇಲೇ ಕಂಡಿತು. ಮಡಿಕೇರಿಯಲ್ಲಿ ಮಳೆ ರಜೆ ಸಿಕ್ಕಾಗ, ಕರೆಂಟ್ ಇದ್ದರೆ, ಹಳೆಯ ಭಾಗಗಳನ್ನೇ ಮತ್ತೆ ಮತ್ತೆ ನೋಡುತ್ತಿದ್ದೆವು. ಅವರು ನಮಗೆ ಚಿಕ್ಕಮ್ಮನ ಮಕ್ಕಳ ಹಾಗೇ ಆಗಿಬಿಟ್ಟಿದ್ದರು.

ಇದನ್ನು ಪ್ಯಾರಾಸೋಶಿಯಲ್ ಸಂಬಂಧ ಅನ್ನುತ್ತಾರೆ. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಸಂಶೋಧಕರು 1956ರಲ್ಲೇ ಇದರ ಬಗ್ಗೆ ಬರೆದಿದ್ದರು. ತೆರೆಯ ಮೇಲಿನವರನ್ನು ನಾವು ಚೆನ್ನಾಗಿ ಬಲ್ಲೆವು, ಅವರಿಗೆ ನಮ್ಮ ಪರಿಚಯವೇ ಇಲ್ಲ. ಆದರೂ ಪ್ರೀತಿ ಪ್ರೀತಿಯೇ ಅಲ್ವಾ? ಅಗಲಿದರೆ ನೋವಾಗುತ್ತದೆ.

ನನಗೆ ಜಾಸ್ತಿ ಕಾಡಿದ್ದು ಇನ್ನೊಂದು. ಕಾಯುವುದೇ ನಿಂತುಹೋಯಿತು. ಮುಂದಿನ ಭಾಗ ಯಾವಾಗ, ಯಾರ ಜೊತೆ ಮೈಸೂರಿಗೆ ಹೋಗಿ ನೋಡೋಣ ಅನ್ನುವ ಮಾತುಕತೆಯೇ ದೊಡ್ಡ ಖುಷಿಯಾಗಿತ್ತು.

ಅಳು ಬಂದರೆ ಸುಮ್ನೆ ಅತ್ತುಬಿಡಿ. ಕೆಲವು ದಿನ ಬಿಟ್ಟು ಮೊದಲ ಭಾಗ ಮತ್ತೆ ನೋಡಿ. ಕೊನೆ ಗೊತ್ತಿರುವುದರಿಂದ, ಹ್ಯಾರಿಯ ಮೇಷ್ಟ್ರು ಸ್ನೇಪ್‌ನ ಒಂದೊಂದು ನೋಟಕ್ಕೂ ಬೇರೆಯೇ ಅರ್ಥ ಸಿಗುತ್ತದೆ.