ಅನ್ನ ಬಿಟ್ಟು ಮುದ್ದೆ ಹಿಡಿದರೂ ಅಪ್ಪ-ಅಮ್ಮನ ಶುಗರ್ ಇಳಿಯುತ್ತಿಲ್ಲ, ಯಾಕೆ?

ಇಬ್ಬರಿಗೂ 65 ದಾಟಿದೆ, ಅನ್ನ ಪೂರ್ತಿ ಬಿಟ್ಟಿದ್ದಾರೆ ಅಂದಿದ್ದೀರಿ. ತಪ್ಪು ಮುದ್ದೆಯದ್ದಲ್ಲ, ಅಳತೆಯದ್ದು. ರಾಗಿಯಲ್ಲೂ 100 ಗ್ರಾಂಗೆ ಸುಮಾರು 70 ಗ್ರಾಂ ಕಾರ್ಬೋಹೈಡ್ರೇಟ್ ಇದೆ, ಅಕ್ಕಿಗಿಂತ ಸ್ವಲ್ಪ ಕಡಿಮೆ ಅಷ್ಟೇ. ನಾರು, ಕ್ಯಾಲ್ಸಿಯಂ ಜಾಸ್ತಿ, ನಿಜ. ಆದರೆ ಎರಡು ದಪ್ಪ ಮುದ್ದೆಗೆ ತಿಳಿಸಾರು ಅಂದರೆ ಹೆಚ್ಚುಕಡಿಮೆ ಬರೀ ಹಿಟ್ಟೇ ಅಲ್ವಾ?

ಜನ ಮರೆಯುವುದು ಸ್ನಾಯುಗಳನ್ನು. ಊಟವಾದ ಮೇಲೆ ರಕ್ತದ ಸಕ್ಕರೆಯಲ್ಲಿ ದೊಡ್ಡ ಪಾಲು ಎಳೆದುಕೊಳ್ಳುವುದು ಅವೇ. ವಯಸ್ಸಾದಂತೆ ಸ್ನಾಯು ಕರಗುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂರುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಇಳಿದು ಇದು ಇನ್ನೂ ಜೋರು. ಸಾಲದ್ದಕ್ಕೆ ಹಲ್ಲು ಸರಿಯಿಲ್ಲ ಅಂತ ಮೆತ್ತಗಿನದನ್ನೇ ತಿನ್ನುತ್ತಾರೆ, ಸ್ನಾಯುವಿಗೆ ಬೇಕಾದ ಪ್ರೊಟೀನ್ ತಪ್ಪಿಹೋಗುತ್ತದೆ. ಈ ವಯಸ್ಸಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಬೇಕು ಎನ್ನುತ್ತಾರೆ ತಜ್ಞರು. 60 ಕಿಲೋ ಇದ್ದರೆ 60-72 ಗ್ರಾಂ. ತಿಳಿಸಾರಲ್ಲಿ ಅಷ್ಟು ಎಲ್ಲಿ ಬರಬೇಕು!

ಚಿಕ್ಕದೊಂದು ಮುದ್ದೆ ಸಾಕು. ಜೊತೆಗೆ ಕಾಳಿನ ಬಸ್ಸಾರು, ಪಲ್ಯ, ಗಟ್ಟಿ ಮೊಸರು ಇರಲಿ. ತಿನ್ನುವವರಾದರೆ ಮೊಟ್ಟೆ, ಮೀನು. ಊಟವಾದ ಮೇಲೆ ಸುಮ್ನೆ ಟಿವಿ ಮುಂದೆ ಕೂರದೆ 10-15 ನಿಮಿಷ ನಡೆಯಲಿ. ಆಗಾಗ ಕೈ ಊರದೆ ಕುರ್ಚಿಯಿಂದ ಎದ್ದು ಕೂತರೂ ತೊಡೆಗೆ ಒಳ್ಳೆ ಕಸರತ್ತೇ.

ಕಿಡ್ನಿ ತೊಂದರೆ ಇದ್ದರೆ ಪ್ರೊಟೀನ್ ಹೆಚ್ಚಿಸುವ ಮೊದಲು ಡಾಕ್ಟರನ್ನು ಕೇಳಿ. ಇನ್ಸುಲಿನ್ ಅಥವಾ ಶುಗರ್ ಮಾತ್ರೆ ಇದ್ದರೆ ಊಟವನ್ನು ಒಮ್ಮೆಲೇ ಕಡಿಮೆ ಮಾಡಬೇಡಿ, ಲೋ ಶುಗರ್ ಆಗಿ ತಲೆಸುತ್ತಿ ಬೀಳಬಹುದು.